ಒಂದು ಲೋಟ ಬಿಸಿ ಚಾಕೊಲೇಟಿನ ಲೆಕ್ಕ

ಕಿಕ್ಕಿರಿದ ಬಸ್ಸಿನಲ್ಲಿ ಸೀಟು ಸಿಕ್ಕಿ ಕುಳಿತವರು, ಎದುರಿಗೆ ಕಂಬಿ ಹಿಡಿದು ಜೋಲಾಡುತ್ತಿರುವ ಅಪರಿಚಿತರಿಗೆ ‘ಬ್ಯಾಗು ಇಲ್ಲಿ ಕೊಡಿ’ ಎಂದು ಕೈಚಾಚುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆ ಕೇಳಬೇಕೆನಿಸಿಯೂ, ಅವರು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ಕಿಟಕಿಯ ಕಡೆಗೆ ಮುಖ ತಿರುಗಿಸುವುದೂ ಉಂಟು. ನಾನಂತೂ ಎಷ್ಟೋ ಸಲ ತಿರುಗಿಸಿದ್ದೇನೆ. ಈ ಹಿಂಜರಿಕೆಯ ಹಿಂದೆ ಒಂದು ತಪ್ಪು ಲೆಕ್ಕವಿದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರಾದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ.

2022ರಲ್ಲಿ ಪ್ರಕಟವಾದ ಅವರ ಅಧ್ಯಯನದ ಒಂದು ಪ್ರಯೋಗ ನಡೆದದ್ದು ಚಿಕಾಗೋದಲ್ಲಿ, ಕೊರೆಯುವ ಚಳಿಯಲ್ಲಿ, ಜನ ಹಿಮದ ಮೇಲೆ ಜಾರಾಟವಾಡುವ ಅಂಗಳದ ಬಳಿ. ಅಲ್ಲಿಗೆ ಬಂದವರ ಕೈಗೆ ಒಂದು ಲೋಟ ಬಿಸಿ ಚಾಕೊಲೇಟ್ ಪಾನೀಯ ಕೊಟ್ಟು, ತಾವೇ ಕುಡಿಯಬಹುದು, ಇಲ್ಲವೇ ಅಲ್ಲಿರುವ ಯಾರಾದರೂ ಅಪರಿಚಿತರಿಗೆ ಕೊಡಿಸಬಹುದು ಎಂದು ಹೇಳಲಾಯಿತು. ಬಹುಪಾಲು ಜನ ಕೊಡಿಸಿದರು. ಆದರೆ ಪಡೆದವರಿಗೆ ಎಷ್ಟು ಸಂತೋಷವಾಗಿರಬಹುದು ಎಂದು ಕೇಳಿದಾಗ ಅವರು ಊಹಿಸಿದ್ದಕ್ಕಿಂತ ಪಡೆದವರು ಹೇಳಿದ ಸಂತೋಷವೇ ಹೆಚ್ಚಿತ್ತು. ಕೊಟ್ಟವರು ಲೋಟದಲ್ಲಿರುವ ಪದಾರ್ಥವನ್ನಷ್ಟೇ ತೂಗುತ್ತಾರೆ. ಪಡೆದವರ ತಕ್ಕಡಿಯಲ್ಲಿ ‘ಗುರುತು ಪರಿಚಯವಿಲ್ಲದವರೊಬ್ಬರು ನನ್ನನ್ನು ನೆನೆದರಲ್ಲ’ ಎಂಬುದೂ ಬಿದ್ದಿರುತ್ತದೆ. ಇದೇ ಅಧ್ಯಯನದ ಬೇರೊಂದು ಪ್ರಯೋಗದಲ್ಲಿ, ಉಡುಗೊರೆ ಪಡೆದವರು ನಂತರ ಹಣ ಹಂಚಿಕೊಳ್ಳುವ ಆಟದಲ್ಲಿ ಇನ್ನಾರೋ ಮೂರನೆಯವರ ಕಡೆಗೂ ಹೆಚ್ಚು ಉದಾರಿಗಳಾದರು.

ಇಂಥ ಫಲಿತಾಂಶಗಳನ್ನೆಲ್ಲ ಕಣ್ಣುಮುಚ್ಚಿ ನಂಬಬೇಕಿಲ್ಲ. ಟೆಲಿಫೋನ್ ಬೂತಿನಲ್ಲಿ ಅಕಸ್ಮಾತ್ ನಾಣ್ಯ ಸಿಕ್ಕವರು ಮರುಕ್ಷಣವೇ ಪರೋಪಕಾರಿಗಳಾಗುತ್ತಾರೆ ಎಂಬ 1972ರ ಪ್ರಸಿದ್ಧ ಪ್ರಯೋಗವನ್ನು ಇತರರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ.

ನನಗೆ ಹೆಚ್ಚು ತೂಕದ್ದೆನಿಸುವುದು ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟ್ಟೊ ಕೈಗೊಂಡ ಕೆಲಸ. ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಚಿಕಿತ್ಸೆ ಮುಂದುವರಿಸಲು ಒಲ್ಲದ 843 ಜನರನ್ನು ಅವರು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 5 ವರ್ಷಗಳಲ್ಲಿ ಒಟ್ಟು 24 ಪುಟ್ಟ ಪತ್ರಗಳನ್ನು ಕಳಿಸುವ ಏರ್ಪಾಡಾಯಿತು. ನೀವು ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಒಕ್ಕಣೆ; ಔಷಧಿಯ ವಿಚಾರಣೆಯಿಲ್ಲ, ಬುದ್ಧಿಮಾತಿಲ್ಲ. ಇನ್ನೊಂದು ಗುಂಪಿಗೆ ಪತ್ರ ಹೋಗಲಿಲ್ಲ. ಮೊದಲ 2 ವರ್ಷಗಳಲ್ಲಿ ಪತ್ರ ಪಡೆದವರ ನಡುವೆ ಆತ್ಮಹತ್ಯೆಯ ಪ್ರಮಾಣ ಗಮನಾರ್ಹವಾಗಿ ಕಡಿಮೆಯಿತ್ತು. ನಂತರದ ವರ್ಷಗಳಲ್ಲಿ ಈ ಅಂತರ ಕ್ರಮೇಣ ಕರಗಿತು.

ಮೊಟ್ಟೊ ಅವರಿಗೆ ಈ ಉಪಾಯ ಹೊಳೆದದ್ದು ಪಠ್ಯಪುಸ್ತಕದಿಂದಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವರು ಸೈನ್ಯದಲ್ಲಿದ್ದಾಗ, ಅಲ್ಪ ಪರಿಚಯದ ಯುವತಿಯೊಬ್ಬಳು ಅವರಿಗೆ ಆಗಾಗ ಪತ್ರ ಬರೆಯುತ್ತಿದ್ದಳು.