ಗೇರ್ ಲಿವರ್ ಲೂಸಾಯಿತೆಂದು ಗೇರ್‌ಬಾಕ್ಸ್ ಇಳಿಸಬೇಡಿ

ಬಸವನಗುಡಿಯಲ್ಲಿ ನಮ್ಮ ಚಿಕ್ಕಪ್ಪನ ಮನೆಯ ಶೆಡ್ಡಿನಲ್ಲಿ ಒಂದು ಟ್ರಯಂಫ್ ಸ್ಪಿಟ್‌ಫೈರ್ ಇದೆ. ಇಬ್ಬರೇ ಕೂರುವ, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಕಾರು. ಹೋದ ಮಳೆಗಾಲದ ಹೊತ್ತಿಗೆ ಅದರ ಗೇರ್ ಲಿವರ್ ಹೇಗಾಗಿತ್ತೆಂದರೆ, ಮೂರನೇ ಗೇರಿನಲ್ಲಿದ್ದಾಗಲೂ ಹುಳಿಗೆ ಸೌಟು ಆಡಿಸಿದ ಹಾಗೆ ಸುತ್ತಲೂ ಆಡಿಸಬಹುದಿತ್ತು. ಎರಡಕ್ಕೆ ಹಾಕಲು ಹೋದರೆ ನಾಲ್ಕು ಬೀಳುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನವರು, "ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸ್ಬೇಕು" ಅಂದರು. ಚಿಕ್ಕಪ್ಪ ಒಪ್ಪಲಿಲ್ಲ. "ಕರಕರ ಶಬ್ದ ಇಲ್ಲ, ಬಿದ್ದ ಗೇರ್ ಜಾರಿ ಹೊರಗೆ ಬರ್ತಿಲ್ಲ. ಮತ್ಯಾಕೋ ಇಳಿಸ್ಬೇಕು?" ಎಂದು ನನ್ನನ್ನೇ ಕೇಳಿದರು. ಅರ್ಧ ಪರೀಕ್ಷೆ ಆ ಪ್ರಶ್ನೆಯಲ್ಲೇ ಮುಗಿದಿತ್ತು.

ಸ್ಪಿಟ್‌ಫೈರ್ ನಮ್ಮ ರಸ್ತೆಗಳಿಗೆ ಅಪರೂಪ. ಆದರೆ ಅದರ ದಾಯಾದಿಯನ್ನು ಬೆಂಗಳೂರಿನ ಹಿರಿಯರು ಚೆನ್ನಾಗಿ ಬಲ್ಲರು: 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ, ಇಟಲಿಯ ವಿನ್ಯಾಸಗಾರ ಮಿಕೆಲೊಟ್ಟಿ ಬರೆದುಕೊಟ್ಟ ಮೈ ತೊಡಿಸಿ 1962ರಲ್ಲಿ ಇಂಗ್ಲೆಂಡಿನವರು ಈ ಕಾರನ್ನು ಹೊರತಂದರು. 1980ರವರೆಗೂ ಅದು ತಯಾರಾಯಿತು.

ಇಲ್ಲಿ ಗೇರ್‌ಬಾಕ್ಸ್ ಇರುವುದು ಎಂಜಿನ್ನಿನ ಬೆನ್ನಿಗೆ, ಕೂರುವವರ ಸೀಟು ಅದಕ್ಕಿಂತ ಹಿಂದೆ. ಹಾಗಾಗಿ ನಮ್ಮ ಕೈಯಲ್ಲಿರುವ ಲಿವರ್ ಗೇರುಗಳ ಹತ್ತಿರಕ್ಕೂ ಹೋಗುವುದಿಲ್ಲ. ಲಿವರ್ ಒಂದು ಗುಂಡನೆಯ ಕೀಲಿನ ಮೇಲೆ ಕೂತಿರುತ್ತದೆ. ಅದರ ಕೆಳತುದಿ ಒಂದು ಶಾಫ್ಟನ್ನು ಹಿಡಿದಿರುತ್ತದೆ. ಲಿವರನ್ನು ಹಿಂದೆ ಮುಂದೆ ಮಾಡಿದರೆ ಶಾಫ್ಟು ಜಾರುತ್ತದೆ, ಎಡಕ್ಕೆ ಬಲಕ್ಕೆ ಒತ್ತಿದರೆ ತಿರುಗುತ್ತದೆ. ಒಳಗೆ ಗೇರ್ ಬದಲಿಸುವ, ಕವೆಯಂಥ ಫೋರ್ಕುಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ಆರಿಸುವುದು ತಿರುಗುವಿಕೆ, ಗೇರ್ ಬೀಳಿಸುವುದು ಜಾರುವಿಕೆ. ನಡುವಿನ ಕೀಲುಗಳಲ್ಲೆಲ್ಲ ಪಿನ್ನು, ಅದರ ಸುತ್ತ ಬಳೆಯಂತೆ ಕೂರುವ ಬುಷ್ಷು. ಎಂಜಿನ್ ಹಿಂಬದಿಗಿರುವ ಪೋರ್ಷೆ 911ನಲ್ಲಂತೂ ಈ ಕೊಂಡಿ ಕಾರಿನ ನಡುವಿನುದ್ದಕ್ಕೂ ಸಾಗುತ್ತದೆ.

ಈಗ ಸ್ವಲ್ಪ ಲೆಕ್ಕ. ಕೀಲಿನಿಂದ ಮೇಲೆ, ನಾಬ್‌ವರೆಗೆ ಲಿವರ್ 25 ಸೆಂ.ಮೀ. ಇದ್ದು, ಕೆಳಗೆ 5 ಸೆಂ.ಮೀ. ಇದೆ ಎಂದುಕೊಳ್ಳಿ. ಕೆಳಗಿನ 1 ಮಿ.ಮೀ. ಸಂದು ಮೇಲೆ ಕೈಗೆ 5 ಮಿ.ಮೀ. ಆಗಿ ಸಿಗುತ್ತದೆ. ಮೂರು ಕೀಲುಗಳು ಅರ್ಧರ್ಧ ಮಿಲಿಮೀಟರ್ ಸವೆದಿದ್ದರೂ ಎಲ್ಲ ಕೂಡಿ ನಾಬ್‌ನಲ್ಲಿ ಮುಕ್ಕಾಲು ಸೆಂಟಿಮೀಟರ್ ದಾಟುವುದಿಲ್ಲ, ಆದರೂ ಕೈ ಅದನ್ನು ಕೂಡಲೇ ಹಿಡಿಯುತ್ತದೆ. ಕೈಗೆ ಇಷ್ಟೊಂದು ದೊಡ್ಡದಾಗಿ ತೋರುವ ದೋಷಕ್ಕೆ ಕಾರಣವೂ ದೊಡ್ಡದೇ ಇರಬೇಕೆಂದು ಹೆದರುತ್ತೇವೆ. ಸನ್ನೆಗೋಲಿನ ನಿಯಮ ಗೊತ್ತಿದ್ದರೆ ಆ ಹೆದರಿಕೆ ಅರ್ಧ ಇಳಿಯುತ್ತದೆ.

ನ್ಯೂಟ್ರಲ್‌ನಲ್ಲಿ ಲಿವರ್ ಆಡಿಸಿ ತೀರ್ಪು ಕೊಡುವುದು ಬಹಳ ಜನ ಮಾಡುವ ತಪ್ಪು. ನ್ಯೂಟ್ರಲ್‌ನಲ್ಲಿ ಅದು ಎಡಬಲ ಓಡಾಡಲೇಬೇಕು. ಎಂಜಿನ್ ಆರಿಸಿ, ಗೇರಿಗೆ ಹಾಕಿ, ಆಮೇಲೆ ನೋಡಬೇಕು. ಗೇರ್ ಬಿದ್ದಾಗ ಒಳಗಿನ ಶಾಫ್ಟಿನ ಗುಳಿಯಲ್ಲಿ ಸ್ಪ್ರಿಂಗ್ ಒತ್ತಿಟ್ಟ ಉಕ್ಕಿನ ಗುಂಡು ಕೂತುಬಿಡುತ್ತದೆ, ಶಾಫ್ಟು ಅಲ್ಲಿಗೇ ನಿಲ್ಲುತ್ತದೆ. ಹಗುರವಾಗಿ ಅಲ್ಲಾಡಿಸಿದಾಗ ಇನ್ನೂ ಆಡುವುದೆಲ್ಲ ಹೊರಗಿನ ಕೀಲುಗಳ ಪಾಲು.

ಸ್ಪಿಟ್‌ಫೈರ್‌ನಲ್ಲಿ ಒಂದು ಅನುಕೂಲವಿದೆ, ಗೇರ್‌ಬಾಕ್ಸಿನ ಮೇಲಿನ ಹೊದಿಕೆಯನ್ನು ಕಾರಿನ ಒಳಗಿನಿಂದಲೇ ಬಿಚ್ಚಬಹುದು. ನಾವು ಅದನ್ನು ತೆಗೆದು, ಕೀಲುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ವೈಟ್‌ನರ್ ಪೆನ್ನಿನಿಂದ ಪ್ರತಿ ಕೀಲಿನ ಮೇಲೂ ಅಡ್ಡಲಾಗಿ ಒಂದೊಂದು ಗೆರೆ ಎಳೆದೆವು. ಚಿಕ್ಕಪ್ಪ ಲಿವರ್ ಆಡಿಸಿದರು, ನಾನು ಟಾರ್ಚ್ ಹಿಡಿದು ಬಗ್ಗಿದೆ. ಚಲನೆ ದಾಟಿಹೋಗುವ ಕೀಲಿನಲ್ಲಿ ಗೆರೆ ಕೂಡಿಕೊಂಡೇ ಸರಿಯುತ್ತದೆ. ಚಲನೆ ಸೋರಿಹೋಗುವ ಕೀಲಿನಲ್ಲಿ ಗೆರೆ ತುಂಡಾಗುತ್ತದೆ. ಶಾಫ್ಟಿನ ಮುಂತುದಿಯ ಪಿನ್ನಿನ ಹತ್ತಿರ ಗೆರೆ ಕಣ್ಣೆದುರೇ ಎರಡಾಯಿತು, ಲಿವರ್ ಹಿಂದೆ ಬಂದಾಗ ಕೂಡಿತು, ಮತ್ತೆ ಒಡೆಯಿತು. ಅದರ ಮೇಲೆ ಬೆರಳಿಟ್ಟೆ. ಒಂದು ಬದಿ ಬಡಿಯುತ್ತಿತ್ತು, ಇನ್ನೊಂದು ಬದಿ ಸುಮ್ಮನಿತ್ತು.

ಪಿನ್ನು ಹೊರಗೆ ಬಂದಾಗ ಅದರ ಮೇಲೆ ಉಗುರು ಎಳೆದು ನೋಡಿದೆ. ನಡುವೆ ಮೆಟ್ಟಿಲಿನಂತೆ ತಡೆಯಿತು. ಸವೆದಿದ್ದದ್ದು ಉಕ್ಕಿನ ಪಿನ್ನು. ಅದನ್ನು ಸವೆಸಿದ್ದು ಮೆತ್ತನೆಯ ನೈಲಾನ್ ಬುಷ್. ಕೇಳಲು ವಿಚಿತ್ರ, ಆದರೆ ಲೋಹಕೆಲಸದವರಿಗೆ ಹಳೆಯ ಸಂಗತಿ. ರಸ್ತೆಯ ಧೂಳಿನಲ್ಲಿರುವ ಮರಳಿನ ಕಣ ಉಕ್ಕಿಗಿಂತ ಗಟ್ಟಿ ಇರಬಹುದು. ಅದು ಮೆತ್ತನೆಯ ವಸ್ತುವಿನಲ್ಲಿ ಹೂತು ಕೂತರೆ ಬುಷ್ಷೇ ಉಪ್ಪುಕಾಗದವಾಗುತ್ತದೆ. ಅದರ ಮೇಲೆ ಗ್ರೀಸ್ ಒಣಗಿದ್ದರಂತೂ ಕೇಳುವುದೇ ಬೇಡ. ನಮ್ಮ ಊರಿನ ಟ್ರಾಫಿಕ್‌ನಲ್ಲಿ ಒಂದು ಎರಡು, ಒಂದು ಎರಡು ಎಂದು ಬದಲಿಸುತ್ತ ಹೋಗುವ ಕೈಗೆ ಆ ಉಜ್ಜಾಟದ ಲೆಕ್ಕ ಸಿಗುವುದಿಲ್ಲ.

ನೈಲಾನಿಗೆ ಇನ್ನೊಂದು ಗುಣವಿದೆ. ಅದು ನೀರು ಕುಡಿಯುತ್ತದೆ. ಚೆನ್ನಾಗಿ ನೆನೆದರೆ ತನ್ನ ತೂಕದ ನೂರರಲ್ಲಿ ಎಂಟರಷ್ಟು ಹೀರಿ ಉಬ್ಬುತ್ತದೆ. 1960ರಲ್ಲಿ ಮಾರುಕಟ್ಟೆಗೆ ಬಂದ ಡೆಲ್ರಿನ್ ಎಂಬ ಪ್ಲಾಸ್ಟಿಕ್ ನೂರರಲ್ಲಿ ಒಂದರಷ್ಟೂ ಹೀರುವುದಿಲ್ಲ. ಅದಕ್ಕೇ ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಡೆಲ್ರಿನ್ ಬುಷ್‌ಗಳನ್ನು, ಹೊಸ ಪಿನ್ನನ್ನು ಮಾಡಿಸಿದೆವು. ಲೇತ್‌ನವರು ಬಿಗಿಯಾಗಿ ಮಾಡಿಕೊಡಲೇ ಎಂದು ಕೇಳಿದರು, ಬೇಡ ಅಂದೆ. ಬಿಸಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಗೇರ್‌ಬಾಕ್ಸ್ ಕಾದಾಗ ಕೂದಲೆಳೆಯಷ್ಟು ಸಂದು ಇರದಿದ್ದರೆ ಲಿವರ್ ಹಿಡಿದುಕೊಳ್ಳುತ್ತದೆ.

ಆದರೆ ಎಲ್ಲ ಸಡಿಲವೂ ಬುಷ್ಷಿನದೇ ಅಲ್ಲ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಲಿವರ್ ತಾನಾಗಿ ಓಲಾಡಿದರೆ ಎಂಜಿನ್ನನ್ನು ಹೊತ್ತಿರುವ ಮೌಂಟಿಂಗ್ ರಬ್ಬರುಗಳನ್ನು ನೋಡಿ. ಬಿದ್ದ ಗೇರ್ ತಾನೇ ಹೊರಗೆ ಬರುತ್ತಿದ್ದರೆ, ಗೇರ್ ಹಾಕುವಾಗ ಕರಕರ ಎನ್ನುತ್ತಿದ್ದರೆ ತೊಂದರೆ ಒಳಗಡೆ ಅಥವಾ ಕ್ಲಚ್ಚಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಬರೀ ಬುಷ್ ಬದಲಿಸಿ ದುಡ್ಡು ಕಳೆಯಬೇಡಿ.

ಬಿಚ್ಚುವ ಮುಂಚೆ ನಾಬ್ ಪಕ್ಕ ಸ್ಕೇಲ್ ಹಿಡಿದು ಅಳೆದಿದ್ದೆವು, ಮೂರನೇ ಗೇರಿನಲ್ಲಿ 38 ಮಿ.ಮೀ. ಆಟವಿತ್ತು. ಜೋಡಿಸಿದ ಮೇಲೆ 6 ಆಯಿತು. ಆ ಭಾನುವಾರ ಬೆಳಗ್ಗೆ ಕನಕಪುರ ರಸ್ತೆಯಲ್ಲಿ ಎರಡಕ್ಕೆ ಎಳೆದರೆ ಎರಡೇ ಬಿತ್ತು. ಒಂದು ವೇಗದಲ್ಲಿ ಮಾತ್ರ ಲಿವರ್ ಝುಂಯ್ ಎನ್ನುತ್ತಿತ್ತು, ಚಿಕ್ಕಪ್ಪ ನಾಬ್ ಮೇಲೆ ಅಂಗೈ ಇಟ್ಟೊಡನೆ ನಿಂತಿತು. ಲಿವರ್ ಬುಡದ ಸ್ಪ್ರಿಂಗ್ ಸೋತಿದೆ. ಜೆ.ಸಿ. ರಸ್ತೆಯಲ್ಲಿ ಅಂಥದ್ದು ಸಿಗುತ್ತದಾ ಎಂದು ಮುಂದಿನ ಶನಿವಾರ ಹೋಗಿ ನೋಡಬೇಕು.