ಭತ್ತದ ಎಲೆಯಂಚಿನ ಕಾವಲು

ಬೆಳಗಿನ ಹೊತ್ತು ಭತ್ತದ ಎಲೆಯ ತುದಿಯಲ್ಲಿ ನಿಲ್ಲುವ ಹನಿಗಳೆಲ್ಲ ಇಬ್ಬನಿಯಲ್ಲ. ಬೇರು ಹೀರಿದ ನೀರಿನಲ್ಲಿ ಹೆಚ್ಚಾದದ್ದನ್ನು ಎಲೆಯಂಚಿನ ಸೂಕ್ಷ್ಮ ರಂಧ್ರಗಳು ಹೊರಬಿಟ್ಟಾಗಲೂ ಅಂಥ ಹನಿಗಳು ಮೂಡುತ್ತವೆ. ದುಂಡಾಣು ಅಂಗಮಾರಿ ರೋಗ ತರುವ ಝಾಂತೊಮೊನಾಸ್ ಬ್ಯಾಕ್ಟೀರಿಯಾ ಗಿಡದೊಳಗೆ ನುಸುಳುವುದು ಇದೇ ರಂಧ್ರಗಳಿಂದ. ನಾಟಿಗೆ ಮುನ್ನ ಸಸಿಯ ತುದಿ ಕತ್ತರಿಸಿದ್ದರೆ ಆ ಗಾಯವೂ ಅದಕ್ಕೆ ದಾರಿಯೇ. ಒಳಹೊಕ್ಕ ಮೇಲೆ ಅದು ನೀರು ಸಾಗಿಸುವ ನಾಳಗಳಲ್ಲಿ ತುಂಬಿಕೊಳ್ಳುತ್ತದೆ. ಎಲೆ ತುದಿಯಿಂದ ಕೆಳಗೆ, ಅಂಕುಡೊಂಕಾದ ಅಂಚು ಮೂಡಿಸುತ್ತ, ಹಳದಿಗಟ್ಟಿ ಒಣಗುತ್ತದೆ.

ಗಿಡಕ್ಕೆ ರಕ್ತವಿಲ್ಲ, ಪ್ರತಿಕಾಯಗಳಿಲ್ಲ, ರೋಗಾಣುವನ್ನು ಬೆನ್ನಟ್ಟುವ ಬಿಳಿ ಕಣಗಳೂ ಇಲ್ಲ. ಪ್ರತಿ ಜೀವಕೋಶವೂ ತನ್ನನ್ನು ತಾನೇ ಕಾಯಬೇಕು. ಅದಕ್ಕಾಗಿ ಕೋಶದ ಪೊರೆಯ ಮೇಲೆ ರೋಗಾಣುವಿನ ಗುರುತು ಹಿಡಿಯುವ ಗ್ರಾಹಕ ಪ್ರೋಟೀನುಗಳಿವೆ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನಿನಲ್ಲಿ ಬರೀ 22 ಅಮೈನೋ ಆಮ್ಲಗಳ ಒಂದು ತುಣುಕು ತಗುಲಿದರೂ ಅರಾಬಿಡಾಪ್ಸಿಸ್ ಎಂಬ, ಪ್ರಯೋಗಾಲಯಗಳಲ್ಲಿ ಬಳಸುವ ಪುಟ್ಟ ಗಿಡದ ಕೋಶ ಎಚ್ಚೆತ್ತುಕೊಳ್ಳುತ್ತದೆ: ಕ್ಯಾಲ್ಸಿಯಂ ಒಳನುಗ್ಗುತ್ತದೆ, ನಿಮಿಷಗಳೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹೊಮ್ಮುತ್ತದೆ, ಕೋಶಭಿತ್ತಿ ಬಲಗೊಳ್ಳುತ್ತದೆ.

ರೋಗಾಣುವೂ ಸುಮ್ಮನಿರುವುದಿಲ್ಲ. ಸೂಜಿಯಂಥ ರಚನೆಯ ಮೂಲಕ ತನ್ನ ಪ್ರೋಟೀನುಗಳನ್ನು ನೇರವಾಗಿ ಕೋಶದೊಳಕ್ಕೆ ಚುಚ್ಚುತ್ತದೆ. ಝಾಂತೊಮೊನಾಸ್ ಕಳಿಸುವ ಕೆಲವು ಪ್ರೋಟೀನುಗಳು ಭತ್ತದ ಕೋಶಕೇಂದ್ರವನ್ನೇ ಹೊಕ್ಕು, ಸಕ್ಕರೆಯನ್ನು ಕೋಶದಿಂದ ಹೊರಬಿಡುವ ಜೀನ್ ಅನ್ನು ಚಾಲೂ ಮಾಡುತ್ತವೆ. ಹೀಗೆ ಹೊರಬಂದ ಸಕ್ಕರೆ ಬ್ಯಾಕ್ಟೀರಿಯಾದ ಪಾಲಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಇಂಥ ಒಳನುಸುಳುಕೋರರನ್ನು ಹಿಡಿಯಲು ಅನೇಕ ಗಿಡಗಳ ಕೋಶಗಳೊಳಗೆ ಎರಡನೆಯ ಕಾವಲೂ ಉಂಟು. ಅದು ಎಚ್ಚರಗೊಂಡಾಗ ಸೋಂಕು ತಗುಲಿದ ಕೋಶವೇ ಸತ್ತು ರೋಗದ ದಾರಿ ಕಟ್ಟುತ್ತದೆ.

ಬಿಪಿಟಿ 5204 ಎಂದು ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಲ್ಲ ಸಾಂಬಾ ಮಹಸೂರಿ ತಳಿ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತಿತ್ತು. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ) ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಅದಕ್ಕೆ ಮೂರು ನಿರೋಧಕ ಜೀನ್‌ಗಳನ್ನು ಸಂಕರಣದಿಂದಲೇ ಸೇರಿಸಿದರು. ಸುಧಾರಿತ ತಳಿ 2008ರಲ್ಲಿ ಬಿಡುಗಡೆಯಾಯಿತು. ನನ್ನನ್ನು ಸೆಳೆಯುವುದು ಈ ಮೂರೂ ಒಂದೇ ಬಗೆಯವಲ್ಲ ಎಂಬ ಸಂಗತಿ.

ಎಕ್ಸ್‌ಎ21 ನಿಜವಾದ ಕಾವಲುಗಾರ. ಮಾಲಿ ದೇಶದ ಕಾಡುಭತ್ತದಿಂದ ಬಂದ ಈ ಜೀನ್ ಅನ್ನು ಅಮೆರಿಕದ ಸಸ್ಯವಿಜ್ಞಾನಿ ಪಮೇಲಾ ರೊನಾಲ್ಡ್ ಮತ್ತು ಸಂಗಡಿಗರು 1995ರಲ್ಲಿ ಬೇರ್ಪಡಿಸಿದರು. ಅದು ಗುರುತಿಸುವುದು ಏನನ್ನು ಎಂದು 2009ರಲ್ಲಿ ಅವರ ತಂಡ ಪ್ರಕಟಿಸಿದ ಉತ್ತರ ತಪ್ಪಾಗಿತ್ತು. ತಮ್ಮದೇ ಪ್ರಯೋಗಾಲಯದಲ್ಲಿ ಫಲಿತಾಂಶ ಮರುಕಳಿಸದಿದ್ದಾಗ 2013ರಲ್ಲಿ ಅದನ್ನು ಹಿಂತೆಗೆದುಕೊಂಡು, 2015ರಲ್ಲಿ ಬ್ಯಾಕ್ಟೀರಿಯಾದ ರ್‍ಯಾಕ್ಸ್‌ಎಕ್ಸ್ ಎಂಬ ಪ್ರೋಟೀನನ್ನು ತೋರಿಸಿಕೊಟ್ಟರು. ತಪ್ಪನ್ನು ತಾವೇ ಹುಡುಕಿ ಬಹಿರಂಗವಾಗಿ ಒಪ್ಪಿಕೊಂಡ ಆ ನಡೆಯನ್ನು ನಾನು ಶೋಧದಷ್ಟೇ ಗೌರವಿಸುತ್ತೇನೆ.

ಉಳಿದೆರಡು ಏನನ್ನೂ ಗುರುತಿಸುವುದಿಲ್ಲ, ಸಹಕರಿಸಲು ನಿರಾಕರಿಸುತ್ತವೆ. ಎಕ್ಸ್‌ಎ13 ಎಂದರೆ ಸಕ್ಕರೆ ಜೀನ್‌ನದೇ ಮಾರ್ಪಟ್ಟ ರೂಪ; ಬ್ಯಾಕ್ಟೀರಿಯಾದ ಪ್ರೋಟೀನ್ ಅಂಟಿಕೊಳ್ಳಬೇಕಾದ ಜಾಗವೇ ಅಲ್ಲಿ ಬದಲಾಗಿದೆ. ಎಕ್ಸ್‌ಎ5ರಲ್ಲಿ ಜೀನ್‌ಗಳನ್ನು ಓದುವ ಯಂತ್ರದ ಒಂದು ಬಿಡಿಭಾಗ ಕೊಂಚ ಮಾರ್ಪಟ್ಟಿದ್ದು, ಆ ಬ್ಯಾಕ್ಟೀರಿಯಾದ ಪ್ರೋಟೀನಿಗೆ ಅದು ಸರಿಯಾಗಿ ಒಗ್ಗುವುದಿಲ್ಲ, ಗಿಡದ ಸ್ವಂತ ಕೆಲಸ ಮಾತ್ರ ನಡೆದಿರುತ್ತದೆ. ಇವುಗಳಲ್ಲಿ ಒಂದೊಂದನ್ನೇ ಮೀರಿದ ಬ್ಯಾಕ್ಟೀರಿಯಾಗಳು ಹೊಲಗಳಲ್ಲಿ ಕಂಡುಬಂದಿವೆ. ಮೂರನ್ನೂ ಒಂದೇ ಬಾರಿಗೆ ಮೀರುವುದು ಒಂದು ಬ್ಯಾಕ್ಟೀರಿಯಾಗೆ ಅದಕ್ಕಿಂತ ಬಹಳ ಕಠಿಣ.