ಲೂಪ್‌ನ ವೇಗ ಬದಲಾದರೂ ಶ್ರುತಿ ಬದಲಾಗದ್ದು ಹೇಗೆ?

ನಿಮ್ಮ ಹಾಡು 110 ಬಿಪಿಎಂನಲ್ಲಿದೆ, ಅಂದರೆ ನಿಮಿಷಕ್ಕೆ 110 ಬೀಟ್ ಅಂದುಕೊಳ್ಳಿ. ಕೈಗೆ ಸಿಕ್ಕಿದ ಡ್ರಮ್ ಲೂಪ್ (ಮತ್ತೆ ಮತ್ತೆ ಸುತ್ತಿ ಬರುವ ಸದ್ದಿನ ತುಣುಕು) 100ರಲ್ಲಿದೆ. ಈಗಿನ ಸಾಫ್ಟ್‌ವೇರ್‌ನಲ್ಲಿ ಅದನ್ನು ಎಳೆದು ಟ್ರ್ಯಾಕ್ ಮೇಲೆ ಬಿಟ್ಟರೆ ಸಾಕು, ಹಾಡಿನ ಜೊತೆ ಹೆಜ್ಜೆ ಹಾಕಲು ಶುರು ಮಾಡುತ್ತದೆ. ಶ್ರುತಿಯೂ ಇದ್ದಲ್ಲೇ ಇರುತ್ತದೆ. ಇದು ಎಷ್ಟು ಮಾಮೂಲಿ ಆಗಿದೆ ಅಂದರೆ, ಒಳಗೆ ಏನು ನಡೆಯಿತು ಅಂತ ಯಾರೂ ಕೇಳುವುದೇ ಇಲ್ಲ. ಆದರೆ ಕೆಲವು ಸಲ ಡ್ರಮ್ಮಿನ ಪೆಟ್ಟು ಮೆತ್ತಗಾಗಿಬಿಡುತ್ತದೆ. ಸಿಂಬಲ್ ಗರಗರ ಅನ್ನುತ್ತದೆ. ನಾಲ್ಕು ಬಾರ್ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಬೀಟ್) ಮುಗಿದು ಮತ್ತೆ ಶುರುವಾಗುವ ಜಾಗದಲ್ಲಿ ಸಣ್ಣದಾಗಿ ಎಡವುತ್ತದೆ. ಆಗ ಈ ಸೌಕರ್ಯ ಬಂದ ದಾರಿ ಗೊತ್ತಿದ್ದರೆ ತುಂಬಾ ಅನುಕೂಲ, ಯಾಕಂದರೆ ಹಳೆಯ ವಿಧಾನಗಳು ಯಾವುವೂ ಹೋಗಿಲ್ಲ, ಎಲ್ಲವೂ ಇವತ್ತಿನ ಮೆನುವಿನಲ್ಲೇ ಬೇರೆ ಬೇರೆ ಹೆಸರಲ್ಲಿ ಕೂತಿವೆ.

ಲೂಪ್ ಅನ್ನುವುದು ಕಂಪ್ಯೂಟರಿಗಿಂತ ಹಳೆಯದು. 1948ರಲ್ಲಿ ಪ್ಯಾರಿಸ್‌ನ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಪಿಯರ್ ಶಫೇರ್ ಡಿಸ್ಕಿನ ಗೆರೆಯನ್ನು ಮುಂದಕ್ಕೆ ಹೋಗದಂತೆ ವೃತ್ತವಾಗಿ ಮುಚ್ಚಿ, ಒಂದೇ ಸದ್ದು ಸುತ್ತಿ ಸುತ್ತಿ ಬರುವ ಹಾಗೆ ಮಾಡಿದರು. ನಿಮಿಷಕ್ಕೆ 78 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತು ಅಂದರೆ ಸುಮಾರು 0.77 ಸೆಕೆಂಡ್. ಅಂದರೆ ಲೂಪ್‌ನ ಟೆಂಪೊ (ತಾಳದ ವೇಗ) ಎಷ್ಟು ಅಂತ ತೀರ್ಮಾನ ಮಾಡುತ್ತಿದ್ದದ್ದು ಡಿಸ್ಕ್ ತಿರುಗಿಸುವ ಮೋಟಾರು!

ಟೇಪ್ ಬಂದ ಮೇಲೆ ಬೇಕಾದಷ್ಟು ಉದ್ದ ಕತ್ತರಿಸಿ, ಎರಡು ತುದಿ ಅಂಟಿಸಿ ಉಂಗುರ ಮಾಡಬಹುದಾಯಿತು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ 120 ಬಿಪಿಎಂನ ಒಂದು ಬಾರ್ ಎರಡು ಸೆಕೆಂಡ್, ಅಂದರೆ 30 ಇಂಚು. ಅಳತೆ ಪಟ್ಟಿ ಹಿಡಿದು ಟೆಂಪೊ ಹೊಂದಿಸುವ ಕೆಲಸ ಅದು. ಆದರೆ ತೊಡಕು ಇದ್ದದ್ದು ಬೇರೆ ಕಡೆ. ಟೇಪನ್ನು ಜೋರಾಗಿ ಓಡಿಸಿದರೆ ಶ್ರುತಿ ಏರುತ್ತದೆ, ನಿಧಾನ ಮಾಡಿದರೆ ಇಳಿಯುತ್ತದೆ. 100ರ ಲೂಪನ್ನು ಹೀಗೆ 110ಕ್ಕೆ ಓಡಿಸಿದರೆ ಶ್ರುತಿ ಸುಮಾರು 1.65 ಸೆಮಿಟೋನ್ (ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರ ಒಂದು ಸೆಮಿಟೋನ್) ಮೇಲೆ ಹೋಗುತ್ತದೆ. ಕೀಬೋರ್ಡಿನ ಯಾವ ಮನೆಗೂ ಸರಿಯಾಗಿ ಸೇರದ ಜಾಗ ಅದು. ಡ್ರಮ್ ಮಾತ್ರ ಇದ್ದರೆ ಹೇಗೋ ಸಹಿಸಬಹುದು. ಲೂಪ್‌ನಲ್ಲಿ ಗಿಟಾರ್ ಇದ್ದರೆ ಮುಗೀತು, ನಿಮ್ಮ ಬೇಸ್ ಅದಕ್ಕೆ ಹೊಂದುವುದೇ ಇಲ್ಲ.

ವೇಗಕ್ಕೂ ಶ್ರುತಿಗೂ ಬಿದ್ದಿದ್ದ ಈ ಗಂಟನ್ನು ಮೊದಲು ಬಿಚ್ಚಲು ಹೊರಟವರಿಗೆ ಸಂಗೀತದ ಚಿಂತೆಯೇ ಇರಲಿಲ್ಲ, ಅವರಿಗೆ ಬೇಕಿದ್ದದ್ದು ಮಾತು. ಮಾತಿನ ಗುಣ ಕೆಡದಂತೆ ಅದನ್ನು ಕಡಿಮೆ ಹೊತ್ತಿನಲ್ಲಿ, ಕಡಿಮೆ ಜಾಗದಲ್ಲಿ ಕಳಿಸುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಸದ್ದನ್ನು ಪುಟ್ಟ ಪುಟ್ಟ ಕಣಗಳಾಗಿ ನೋಡಬಹುದು ಎಂದು 1940ರ ದಶಕದಲ್ಲೇ ಡೆನಿಸ್ ಗಾಬೋರ್ ಹೇಳಿದ್ದರು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಜೊತೆಗಾರರು ತಿರುಗುವ ಟೇಪ್ ಹೆಡ್ ಬಳಸಿ ಅದನ್ನು ಯಂತ್ರವಾಗಿ ಮಾಡಿ ತೋರಿಸಿದರು. ಉಪಾಯ ಸರಳ. ಸದ್ದನ್ನು ಸಣ್ಣ ಚೂರು ಮಾಡಿ, ನಡುನಡುವೆ ಕೆಲವು ಚೂರು ಬಿಟ್ಟು, ಉಳಿದದ್ದನ್ನು ಒಂದಕ್ಕೊಂದು ಜೋಡಿಸಿದರೆ ಹೊತ್ತು ಕಡಿಮೆಯಾಗುತ್ತದೆ. ಚೂರುಗಳನ್ನೇ ಎರಡೆರಡು ಸಲ ಹೇಳಿಸಿದರೆ ಜಾಸ್ತಿಯಾಗುತ್ತದೆ. ಪ್ರತಿ ಚೂರಿನೊಳಗಿನ ಶ್ರುತಿ ಮಾತ್ರ ಹಾಗೇ ಇರುತ್ತದೆ. 1966ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲ್ಯಾನಗನ್ ಮತ್ತು ಗೋಲ್ಡನ್ ಫೇಸ್ ವೊಕೋಡರ್ ಅನ್ನುವ ಇನ್ನೊಂದು ದಾರಿ ತೆಗೆದರು. ಅದು ಸದ್ದನ್ನು ಹೊತ್ತಿನ ಚೂರುಗಳಾಗಿ ಅಲ್ಲ, ಆವರ್ತನಗಳಾಗಿ ಬಿಡಿಸಿ ಮತ್ತೆ ಕಟ್ಟುತ್ತದೆ. ಉದ್ದ ಸ್ವರಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಡ್ರಮ್ಮಿನ ಪೆಟ್ಟನ್ನು ಮಾತ್ರ ನೀರಲ್ಲಿ ಅದ್ದಿದ ಶಾಯಿಯ ಹಾಗೆ ಹರಡಿಬಿಡುತ್ತದೆ.

ಇತ್ತ 1983ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸೂಚನೆ ಕಳಿಸುವ ಮಿಡಿ ಅನ್ನುವ ಪದ್ಧತಿ ಬಂತು. ಒಂದು ಬೀಟಿಗೆ 24 ಗಡಿಯಾರದ ಮಿಡಿತ ಕಳಿಸಿ, ಎಲ್ಲಾ ಯಂತ್ರಗಳನ್ನೂ ಒಟ್ಟಿಗೆ ನಡೆಸಬಹುದಾಯಿತು. ಟೆಂಪೊ ಬದಲಿಸಿದರೆ ಸಿಂಥ್, ಡ್ರಮ್ ಮಷೀನ್ ಎಲ್ಲವೂ ಬದಲಾಗುತ್ತಿದ್ದವು. ಯಾಕಂದರೆ ಅಲ್ಲಿ ಓಡುತ್ತಿದ್ದದ್ದು ಸದ್ದಲ್ಲ, 'ಈಗ ಬಾರಿಸು' ಅನ್ನುವ ಸೂಚನೆ. ರೆಕಾರ್ಡ್ ಆದ ಸದ್ದು ಮಾತ್ರ ಹಟ ಹಿಡಿದು ತನ್ನ ವೇಗದಲ್ಲೇ ಇರುತ್ತಿತ್ತು. 1988ರ ಅಕಾಯ್ ಎಸ್950 ಸ್ಯಾಂಪ್ಲರ್‌ನಲ್ಲಿ (ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಾರಿಸುವ ಯಂತ್ರ) ಟೈಮ್ ಸ್ಟ್ರೆಚ್, ಅಂದರೆ ಶ್ರುತಿ ಬದಲಿಸದೆ ಸದ್ದಿನ ಹೊತ್ತು ಎಳೆಯುವ ಸೌಲಭ್ಯ ಇತ್ತು. ಎಷ್ಟು ಶೇಕಡಾ ಅಂತ ನಾವೇ ಲೆಕ್ಕ ಹಾಕಿ ಕೊಟ್ಟು, ಅದು ಮುಗಿಸುವವರೆಗೆ ಕಾಯಬೇಕು. ಜಾಸ್ತಿ ಎಳೆದರೆ ಚೂರುಗಳ ಜೋಡಣೆ ಕಿವಿಗೇ ಕೇಳುತ್ತಿತ್ತು, ತಗಡು ಅಲುಗಾಡಿಸಿದ ಹಾಗೆ. 1990ರ ದಶಕದಲ್ಲಿ ಬ್ರಿಟನ್ನಿನ ಜಂಗಲ್ ಅನ್ನುವ ವೇಗದ ಡ್ರಮ್ ಸಂಗೀತದವರು ಆ ತಗಡಿನ ಸದ್ದನ್ನೇ ಬೇಕಂತ ಬಳಸಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾಗುವ ಘಟ್ಟ ಇದು.

ಲೂಪ್ ಬಳಸುವವರಿಗೆ ನಿಜವಾದ ತಿರುವು 1994ರಲ್ಲಿ ಸಿಕ್ಕಿತು. ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಕಂಪನಿ ರಿಸೈಕಲ್ ಅನ್ನುವ ಸಾಫ್ಟ್‌ವೇರ್ ತಂತು. ಸದ್ದನ್ನು ಎಳೆಯುವುದೇ ಬೇಡ, ಪ್ರತಿ ಪೆಟ್ಟಿನ ಹತ್ತಿರ ಕತ್ತರಿಸಿ, ಆ ತುಂಡುಗಳನ್ನು ಮಿಡಿಯಿಂದ ಬಾರಿಸಿದರಾಯಿತು ಅನ್ನುವುದು ಅದರ ಯೋಚನೆ. ಅಂದರೆ ಹಟಮಾರಿ ಸದ್ದನ್ನು 'ಈಗ ಬಾರಿಸು' ಅನ್ನುವ ಸೂಚನೆಗೆ ಒಪ್ಪಿಸಿದರು. ಪೆಟ್ಟಿನ ಚೂಪು ಒಂದಿಷ್ಟೂ ಕೆಡುವುದಿಲ್ಲ. ವೇಗ ಹೆಚ್ಚಿಸಿದರೆ ತುಂಡಿನ ಬಾಲ ಕತ್ತರಿಸುತ್ತದೆ, ಅದು ಅಷ್ಟು ಗೊತ್ತಾಗುವುದಿಲ್ಲ. ಕಡಿಮೆ ಮಾಡಿದರೆ ಮಾತ್ರ ತುಂಡು ತುಂಡಿನ ನಡುವೆ ಖಾಲಿ ಜಾಗ ಬೀಳುತ್ತದೆ, ಅಲ್ಲಿ ಲೂಪ್ ಉಸಿರು ಕಟ್ಟಿದ ಹಾಗೆ ಕೇಳುತ್ತದೆ. ಅದಕ್ಕೇ ಲೂಪ್ ಆರಿಸುವಾಗ ಹಾಡಿಗಿಂತ ಸ್ವಲ್ಪ ನಿಧಾನದ್ದನ್ನೇ ಆರಿಸಿ. ವೇಗ ಹೆಚ್ಚಿಸುವುದು ಯಾವತ್ತೂ ಸುಲಭ.

1998ರಲ್ಲಿ ಸೋನಿಕ್ ಫೌಂಡ್ರಿಯ ಆಸಿಡ್ ಬಂತು. ಲೂಪ್‌ನಲ್ಲಿ ಎಷ್ಟು ಬೀಟ್ ಇದೆ, ಯಾವ ಶ್ರುತಿಯಲ್ಲಿದೆ ಅನ್ನುವುದನ್ನು ಫೈಲಿನೊಳಗೇ ಬರೆದಿಡುವ ಪದ್ಧತಿ ಇದರಿಂದ ಹಬ್ಬಿತು. ಎಳೆದು ಬಿಟ್ಟರೆ ತಾನೇ ಹೊಂದಿಕೊಳ್ಳುವ ಲೂಪ್ ಹೀಗೆ ಶುರುವಾಯಿತು. 2001ರಲ್ಲಿ ಬರ್ಲಿನ್ನಿನ ಏಬಲ್ಟನ್ ತನ್ನ ಲೈವ್ ಸಾಫ್ಟ್‌ವೇರ್‌ನಿಂದ ಇದನ್ನು ವೇದಿಕೆಗೇ ಒಯ್ದಿತು, ಹಾಡು ನಡೆಯುತ್ತಿರುವಾಗಲೇ ಟೆಂಪೊ ಬದಲಿಸಬಹುದಾಯಿತು. 2004ರಲ್ಲಿ ಆಪಲ್‌ನ ಗ್ಯಾರೇಜ್‌ಬ್ಯಾಂಡ್ ಬಂದ ಮೇಲೆ ಇದು ಮನೆಮನೆಯ ವಿಷಯವಾಯಿತು. 2023ರಲ್ಲಿ ಉಚಿತವಾಗಿ ಸಿಗುವ ಆಡಾಸಿಟಿಯ 3.4 ಆವೃತ್ತಿಗೂ ಬೀಟ್-ಬಾರ್ ಗ್ರಿಡ್ (ಬೀಟ್ ಎಲ್ಲಿ ಬೀಳಬೇಕು ಅಂತ ತೋರಿಸುವ ಗೆರೆಗಳು) ಮತ್ತು ಸ್ಟ್ರೆಚ್ ಸೇರಿತು.

ಈಗ ಮೆನು ತೆರೆದು ನೋಡಿ. ಲೈವ್‌ನಲ್ಲಿ 'ರಿ-ಪಿಚ್' ಅಂತ ಇರುವುದು ಟೇಪ್ ಓಡಿಸುವ ಹಳೆಯ ದಾರಿ. 'ಬೀಟ್ಸ್' ಅನ್ನುವುದು ಪೆಟ್ಟು ನೋಡಿ ತುಂಡು ಮಾಡುವ ದಾರಿ. 'ಟೋನ್ಸ್', 'ಟೆಕ್ಸ್ಚರ್' ಕಣಗಳ ದಾರಿ. ಡ್ರಮ್ ಲೂಪಿಗೆ ಸುಮ್ನೆ ದುಬಾರಿ ಕೆಲಸದ 'ಕಾಂಪ್ಲೆಕ್ಸ್' ಹಾಕಿ ಪೆಟ್ಟು ಮೆತ್ತಗಾಯಿತು ಅಂತ ಬೇಸರ ಮಾಡಿಕೊಳ್ಳುವವರು ಜಾಸ್ತಿ. ಅದು ಇಡೀ ಹಾಡಿಗೆ ಮಾಡಿದ್ದು.

ಆದರೆ ಲೂಪ್ ಎಡವಲು ಮುಕ್ಕಾಲು ಪಾಲು ಕಾರಣ ಇದಲ್ಲ, ಲೂಪ್‌ನ ಉದ್ದ. ಲೆಕ್ಕ ಮಾಡಿ ನೋಡೋಣ. 100 ಬಿಪಿಎಂನ ನಾಲ್ಕು ಬಾರ್ ಅಂದರೆ 16 ಬೀಟ್, ಸರಿಯಾಗಿ 9.6 ಸೆಕೆಂಡ್. ಫೈಲಿನ ಕೊನೆಯಲ್ಲಿ ಬರೀ 0.05 ಸೆಕೆಂಡ್ ಮೌನ ಉಳಿದಿದೆ ಅಂದುಕೊಳ್ಳಿ. ಸಾಫ್ಟ್‌ವೇರ್ 9.65 ಸೆಕೆಂಡನ್ನೇ 16 ಬೀಟ್ ಅಂತ ನಂಬುತ್ತದೆ, ಟೆಂಪೊ 99.48 ಅನ್ನುತ್ತದೆ. ಅದನ್ನು 110ಕ್ಕೆ ಹೊಂದಿಸಿದಾಗ ಹದಿನಾರನೇ ಪೆಟ್ಟು ಇರಬೇಕಾದ ಜಾಗಕ್ಕಿಂತ 40 ಮಿಲಿಸೆಕೆಂಡಿಗೂ ಜಾಸ್ತಿ ಮುಂಚೆ ಬರುತ್ತದೆ, ಆಮೇಲೆ ಮೊದಲ ಪೆಟ್ಟಿಗೆ ಮುಂಚೆ ಒಂದು ಸಣ್ಣ ಕಂದಕ. ಕಿವಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಎಂಪಿ3 ಲೂಪ್‌ಗಳಲ್ಲಿ ಈ ತೊಂದರೆ ಮಾಮೂಲು, ಯಾಕಂದರೆ ಎಂಪಿ3 ಮಾಡುವಾಗ ಫೈಲಿನ ಹಿಂದೆ ಮುಂದೆ ಮೌನದ ಚೂರು ಸೇರಿಕೊಳ್ಳುತ್ತದೆ. ಲೂಪ್ ವೇವ್ ಫೈಲಾಗಿ ಸಿಗುವುದಿದ್ದರೆ ಅದನ್ನೇ ತಗೊಳ್ಳಿ.

ಟೆಂಪೊ 99.48 ಅಂತಲೋ 70ರ ಬದಲು 140 ಅಂತಲೋ ಕಂಡರೆ ಸಾಫ್ಟ್‌ವೇರನ್ನು ನಂಬಬೇಡಿ. ಬೀಟ್ ಎಣಿಸಿ, 60ರಿಂದ ಗುಣಿಸಿ, ಲೂಪ್‌ನ ಸೆಕೆಂಡುಗಳಿಂದ (ಹಿಂದೆ ಮುಂದಿನ ಮೌನ ಬಿಟ್ಟು) ಭಾಗಿಸಿ. ಮೊದಲ ಪೆಟ್ಟಿನ ಮೊನೆಯನ್ನು ದೊಡ್ಡದು ಮಾಡಿ ನೋಡಿ, ಸರಿಯಾಗಿ ಅಲ್ಲಿಂದಲೇ ಲೂಪ್ ಶುರುವಾಗಲಿ.

ಇನ್ನೊಂದು ಮಾತು. ಗ್ರಿಡ್ ಇದೆ ಅಂತ ಎಲ್ಲಾ ಪೆಟ್ಟಿಗೂ ಮಾರ್ಕರ್ (ಪೆಟ್ಟನ್ನು ಹಿಡಿದು ಸರಿಸುವ ಗುರುತು) ಹಾಕಿ ಗೆರೆಗೆ ಎಳೆಯಬೇಕು ಅಂತಿಲ್ಲ. ಒಳ್ಳೆ ಡ್ರಮ್ಮರ್ ಸ್ನೇರ್ ಅನ್ನು ಕೂದಲೆಳೆಯಷ್ಟು ತಡವಾಗಿ ಬಾರಿಸಿರುತ್ತಾನೆ, ಆ ಲೂಪ್ ನಿಮಗೆ ಇಷ್ಟವಾಗಿದ್ದೇ ಅದಕ್ಕೆ, ಅಲ್ವಾ? ನಾನು ಪ್ರತಿ ಬಾರಿನ ಮೊದಲ ಪೆಟ್ಟಿಗೆ ಮಾತ್ರ ಮಾರ್ಕರ್ ಹಾಕುತ್ತೇನೆ. ನಡುವಿನ ಪೆಟ್ಟುಗಳನ್ನು ಬಾರಿಸಿದವರು ಇಟ್ಟ ಜಾಗದಲ್ಲೇ ಬಿಡುತ್ತೇನೆ.